ಹೂಳು ಉಳಿಸಿದ ಊರು

ವಿಯೆಟ್ನಾಮಿನ ಇಪ್ಪತ್ತು ಸಾವಿರ ಡಾಂಗ್ ನೋಟಿನ ಒಂದು ಮಗ್ಗುಲಲ್ಲಿ ಹೊ ಚಿ ಮಿನ್ ಅವರ ಭಾವಚಿತ್ರವಿದೆ. ಇನ್ನೊಂದು ಮಗ್ಗುಲಲ್ಲಿರುವುದು ಹೆಂಚು ಹೊದೆಸಿದ ಒಂದು ಪುಟ್ಟ ಸೇತುವೆ. ಅದರ ಉದ್ದ ಸುಮಾರು 18 ಮೀಟರು ಮಾತ್ರ. ಅದು ದಾಟುವುದು ದೊಡ್ಡ ನದಿಯನ್ನೂ ಅಲ್ಲ, ಥು ಬೋನ್ ನದಿಗೆ ಸೇರುವ ಒಂದು ಹಳ್ಳವನ್ನು. ಇಷ್ಟು ಚಿಕ್ಕ ಕಟ್ಟಡ ಒಂದು ದೇಶದ ನೋಟಿನ ಮೇಲೆ ಬರಬೇಕಾದರೆ ಅದಕ್ಕೊಂದು ಕಾರಣವಿರಲೇಬೇಕು. ಆ ಕಾರಣವನ್ನು ಹುಡುಕಿ ಹೊರಟವರು ಹೊಯಿ ಆನ್ ಎಂಬ ಊರಿಗೆ ಬಂದು ಸೇರುತ್ತಾರೆ.

ಮಧ್ಯ ವಿಯೆಟ್ನಾಮಿನ ಬಂದರು ನಗರ ದಾ ನಾಂಗ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಹೋದರೆ, ಥು ಬೋನ್ ನದಿ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು, ಅದರ ಎಡದಂಡೆಯ ಮೇಲೆ ಹೊಯಿ ಆನ್ ಸಿಗುತ್ತದೆ. ಅವಸರದಲ್ಲಿ ನೋಡುವ ಊರಲ್ಲ ಇದು. ಹಳೆಯ ಪಟ್ಟಣದ ವಿಸ್ತಾರವೇ ಸುಮಾರು 30 ಹೆಕ್ಟೇರು. ನದಿಗೆ ಸಮಾನಾಂತರವಾಗಿ ಮೂರು ನಾಲ್ಕು ಬೀದಿಗಳು, ಅವನ್ನು ಅಡ್ಡಕ್ಕೆ ಸೇರಿಸುವ ಓಣಿಗಳು, ಅಷ್ಟೆ. ಮಧ್ಯಾಹ್ನದ ಬಿಸಿಲಿಳಿದ ಮೇಲೆ ಒಂದು ತುದಿಯಿಂದ ನಡೆಯತೊಡಗಿದರೆ ದೀಪ ಹಚ್ಚುವ ಹೊತ್ತಿಗೆ ಇನ್ನೊಂದು ತುದಿ ಮುಟ್ಟಬಹುದು. ಆದರೆ ಇಷ್ಟು ಚಿಕ್ಕ ಜಾಗದಲ್ಲಿ 1,107 ಮರದ ಚೌಕಟ್ಟಿನ ಕಟ್ಟಡಗಳಿವೆ ಎಂದು ಯುನೆಸ್ಕೊ ಲೆಕ್ಕ ಕೊಡುತ್ತದೆ. ಆಗ್ನೇಯ ಏಷ್ಯದ ಹಳೆಯ ವ್ಯಾಪಾರಿ ಬಂದರೊಂದು ಇಷ್ಟು ಇಡಿಯಾಗಿ ಉಳಿದಿರುವುದು ಅಪರೂಪ. 1999ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಇಲ್ಲಿನ ಮನೆಯೊಂದರ ಒಳಹೊಕ್ಕರೆ ಇಡೀ ಊರಿನ ಸ್ವಭಾವ ತಿಳಿಯುತ್ತದೆ. ಬೀದಿಯ ಕಡೆ ಮುಖ ಬಹಳ ಕಿರಿದು, ಒಳಗೆ ಹೋದಷ್ಟೂ ಉದ್ದ. ಮುಂಭಾಗದಲ್ಲಿ ಮಳಿಗೆ. ಅಂಗಡಿಯ ಮುಂದೆ ನಿಲ್ಲಿಸುವ ಹಲಗೆಗಳನ್ನು ಒಂದೊಂದಾಗಿ ತೆಗೆದಿಟ್ಟರೆ ಬೀದಿಗೂ ಮಳಿಗೆಗೂ ನಡುವೆ ಗೋಡೆಯೇ ಇರುವುದಿಲ್ಲ. ಅದರ ಹಿಂದೆ ಅತಿಥಿಗಳು ಕೂರುವ ಜಾಗ ಮತ್ತು ಪೂರ್ವಿಕರ ಪೂಜಾಪೀಠ. ನಡುವೆ ಆಕಾಶ ಕಾಣುವ ತೊಟ್ಟಿ. ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಇದರ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಗಾಳಿ, ಬೆಳಕು, ಮಳೆನೀರು ಮೂರೂ ಅಲ್ಲಿಂದಲೇ. ಅದರಾಚೆ ಮನೆಮಂದಿಯ ಕೋಣೆಗಳು, ಕೊನೆಗೆ ಹಿತ್ತಿಲ ಬಾಗಿಲು. ದಂಡೆಯ ಬೀದಿಯ ಮನೆಗಳಲ್ಲಿ ಈ ಹಿತ್ತಿಲ ಬಾಗಿಲು ತೆರೆಯುತ್ತಿದ್ದುದು ನದಿಗೆ. ದೋಣಿಯಲ್ಲಿ ಬಂದ ಸರಕು ಹಿಂದಿನಿಂದ ಒಳಗೆ ಬಂದು, ಅಟ್ಟ ಸೇರಿ, ಮುಂದಿನಿಂದ ಮಾರಾಟವಾಗಿ ಹೋಗುತ್ತಿತ್ತು. ಮನೆಯೆಂದರೆ ನದಿಗೂ ಬೀದಿಗೂ ನಡುವಿನ ಒಂದು ದಾರಿ ಎನ್ನುವ ಹಾಗೆ.

ಕಂಬ, ತೊಲೆಗಳಿಗೆ ಹಲಸಿನ ಮರವನ್ನೂ ಇನ್ನಿತರ ಗಟ್ಟಿ ಮರಗಳನ್ನೂ ಬಳಸಿದ್ದಾರೆ. ಕೆತ್ತಿದವರು ಹೆಚ್ಚಾಗಿ ನದಿಯಾಚೆಯ ಕಿಮ್ ಬೋಂಗ್ ಎಂಬ ಬಡಗಿಗಳ ಊರಿನವರು. ಮಾಡಿನ ಹೆಂಚುಗಳು ಒಂದು ಮಗುಚಿ, ಒಂದು ಅಂಗಾತ ಕೂರುವಂಥವು. ಬಾಗಿಲ ಮೇಲೆ ಮರದ ಎರಡು ದುಂಡು ಬಿಲ್ಲೆಗಳನ್ನು ಜಡಿದಿರುತ್ತಾರೆ. ಅವು ಮನೆಯ ಕಣ್ಣುಗಳು. ಕೆಟ್ಟದ್ದು ಒಳಗೆ ಬಾರದಂತೆ ಕಾಯುವುದು ಅವುಗಳ ಕೆಲಸ. ನದಿಯ ಮೇಲಿನ ದೋಣಿಗಳ ಮೂತಿಗೂ ಇಂಥವೇ ಕಣ್ಣು ಬರೆದಿರುವುದನ್ನು ಕಂಡಾಗ, ಇಲ್ಲಿಯವರು ಮನೆಯನ್ನೂ ದೋಣಿಯನ್ನೂ ಒಂದೇ ಬಗೆಯಲ್ಲಿ ಎಣಿಸಿದ್ದಾರೆ ಎನಿಸದಿರದು.

ಈ ಊರನ್ನು ಕಟ್ಟಿದವರು ಯಾರು? ವಿಯೆಟ್ನಾಮೀಯರು ಎಂಬುದು ಅರ್ಧ ಉತ್ತರ. ಅವರು ಬರುವ ಮೊದಲು ನೂರಾರು ವರ್ಷ ಈ ನದಿಯ ಬಯಲು ಚಾಂಪಾ ರಾಜ್ಯಕ್ಕೆ ಸೇರಿತ್ತು. ಶಿವನನ್ನು ಪೂಜಿಸುತ್ತಿದ್ದ, ಸಂಸ್ಕೃತದಲ್ಲಿಯೂ ತಮ್ಮ ಚಾಮ್ ಭಾಷೆಯಲ್ಲಿಯೂ ಶಾಸನ ಹಾಕಿಸುತ್ತಿದ್ದ ಜನ ಅವರು. ಅವರ ಮುಖ್ಯ ದೇಗುಲಗಳ ಸಮೂಹ ಮಿ ಸೋನ್ ಇದೇ ಥು ಬೋನ್ ಕಣಿವೆಯ ಮೇಲ್ಭಾಗದಲ್ಲಿದೆ. ಭದ್ರವರ್ಮನೆಂಬ ರಾಜ ಅಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಿಕೇಶಿ ಶಕ ವರ್ಷ 465 ಎಂದು ಕೊರೆಸಿದ್ದು ಕ್ರಿ.ಶ. 543ರಲ್ಲಿ. ಅದರ ಮುಂದಿನ ಶತಮಾನದಲ್ಲಿ ಮಿ ಸೋನ್‌ನ ಶಾಸನಗಳೂ ಕಾಲವನ್ನು ಎಣಿಸಿದ್ದು ಅದೇ ಶಕ ವರ್ಷದಲ್ಲಿ. ಕನ್ನಡಿಗರ ಪಂಚಾಂಗದಲ್ಲಿ ಇಂದಿಗೂ ಇರುವ ಆ ಗಣನೆ ದಕ್ಷಿಣ ಚೀನಾ ಸಮುದ್ರದ ದಂಡೆಯವರೆಗೆ ನಡೆದುಹೋಗಿತ್ತು ಎಂಬುದು ಸಣ್ಣ ಸಂಗತಿಯಲ್ಲ. ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಮಿ ಸೋನ್‌ನಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ, 2020ರಲ್ಲಿ, ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗವೊಂದು ದೊರೆಯಿತು.

ಚಾಮ್ ಜನ ಹೊಯಿ ಆನ್‌ನಲ್ಲಿ ಬಿಟ್ಟುಹೋದದ್ದು ದೇವಾಲಯಗಳನ್ನಲ್ಲ, ಬಾವಿಗಳನ್ನು. ಇಟ್ಟಿಗೆ ಕಟ್ಟಿದ ಹಳೆಯ ಬಾವಿಗಳು ಊರಿನ ಒಳಗೂ ಸುತ್ತಲೂ ಈಗಲೂ ಇವೆ. ದೂರ ಸಮುದ್ರಯಾನ ಮಾಡುವ ಹಡಗಿಗೆ ಮೊದಲು ಬೇಕಾದದ್ದು ಸಿಹಿನೀರು. ಆ ದೃಷ್ಟಿಯಿಂದ ಬಂದರಿನ ಅಡಿಪಾಯವೆಂದರೆ ಬಾವಿಯೇ. ಊರಿನ ಪ್ರಸಿದ್ಧ ತಿನಿಸು ಕಾವ್ ಲಾವ್ ಎಂಬ ಶಾವಿಗೆಯನ್ನು ಬಾ ಲೆ ಎಂಬ ಬಾವಿಯ ನೀರಿನಿಂದಲೇ ಮಾಡಬೇಕು, ಅದರ ಹಿಟ್ಟಿಗೆ ಬೆರೆಸುವ ಬೂದಿನೀರಿನ ಬೂದಿ ಎದುರಿನ ಚಾಮ್ ದ್ವೀಪದ ಮರದ್ದೇ ಆಗಬೇಕು ಎಂದು ಹಳಬರು ಪಟ್ಟುಹಿಡಿಯುತ್ತಾರೆ. ರುಚಿಯ ವಿಷಯದಲ್ಲಿ ಎಲ್ಲ ಊರಿನ ಹಳಬರೂ ಒಂದೇ.

ವಿಯೆಟ್ನಾಮೀಯರ ಕಥೆ ಇಲ್ಲಿ ಗಟ್ಟಿಯಾಗುವುದು ಹದಿನಾರನೇ ಶತಮಾನದಲ್ಲಿ. ಉತ್ತರದ ಆಸ್ಥಾನದ ಜಗಳದಿಂದ ಪಾರಾಗಲು ನ್ಗುಯೆನ್ ಹೊವಾಂಗ್ ಎಂಬ ಸರದಾರ 1558ರಲ್ಲಿ ದಕ್ಷಿಣದ ಗಡಿನಾಡಿಗೆ ಅಧಿಕಾರಿಯಾಗಿ ಬಂದ. ಮುಂದೆ ಅವನ ವಂಶದವರು ಆ ನಾಡನ್ನು ಬಹುಮಟ್ಟಿಗೆ ಸ್ವತಂತ್ರವಾಗಿಯೇ ಆಳಿದರು. ಉತ್ತರದೊಡನೆ ಯುದ್ಧ ತಪ್ಪುವಂತಿರಲಿಲ್ಲ, ಯುದ್ಧಕ್ಕೆ ಹಣ ಬೇಕು, ಹೊಸ ನಾಡಿನ ಭತ್ತದ ಗದ್ದೆಗಳಿಂದ ಅಷ್ಟು ಹಣ ಹುಟ್ಟುವಂತಿರಲಿಲ್ಲ. ಹಾಗಾಗಿ ಅವರು ಸಮುದ್ರದ ಕಡೆ ನೋಡಿದರು. ಬರುವ ಹಡಗಿಗೆ ಅದು ಯಾವ ದೇಶದ್ದು ಎಂಬುದರ ಮೇಲೆ ಸುಂಕ, ಹೋಗುವಾಗ ಅದರ ಹತ್ತನೇ ಒಂದು ಪಾಲು ಮತ್ತೆ ಸುಂಕ.

ಅದೃಷ್ಟವೂ ಕೂಡಿಬಂತು. ಚೀನಾದ ಮಿಂಗ್ ಅರಸರು 1567ರಲ್ಲಿ ಸಮುದ್ರ ವ್ಯಾಪಾರದ ಮೇಲಿನ ನಿಷೇಧ ಸಡಿಲಿಸಿದರು. ಆದರೆ ಜಪಾನಿನೊಡನೆ ನೇರ ವ್ಯಾಪಾರಕ್ಕೆ ಮಾತ್ರ ಅಪ್ಪಣೆ ಕೊಡಲಿಲ್ಲ. ಜಪಾನಿಗೆ ಚೀನಾದ ರೇಷ್ಮೆ ಬೇಕು, ಚೀನಾಕ್ಕೆ ಜಪಾನಿನ ಬೆಳ್ಳಿ ಬೇಕು, ಇಬ್ಬರೂ ಪರಸ್ಪರರ ಬಂದರಿಗೆ ಹೋಗುವಂತಿಲ್ಲ. ಹಾಗಾದರೆ ಮೂರನೆಯವರ ಊರಿನಲ್ಲಿ ಭೇಟಿಯಾಗಬೇಕು. ಆ ಮೂರನೆಯ ಊರುಗಳಲ್ಲಿ ಹೊಯಿ ಆನ್ ಮುಖ್ಯವಾಯಿತು. ಜಪಾನಿನ ಸರಕಾರ 1604ರಿಂದ 1635ರವರೆಗೆ ಕೆಂಪು ಮೊಹರಿನ ಪರವಾನಗಿ ಕೊಟ್ಟು ಕಳಿಸಿದ 350ಕ್ಕೂ ಹೆಚ್ಚು ಹಡಗುಗಳಲ್ಲಿ ಸುಮಾರು ಐದನೇ ಒಂದು ಪಾಲು ಈ ಕರಾವಳಿಗೇ ಬಂದವು. ನಾಗಸಾಕಿಯ ವ್ಯಾಪಾರಿ ಅರಾಕಿ ಸೊತಾರೊ 1619ರಲ್ಲಿ ನ್ಗುಯೆನ್ ದೊರೆಯ ಮನೆಯ ಹೆಣ್ಣನ್ನು ಮದುವೆಯಾಗಿ ಕರೆದೊಯ್ದ. ಆ ವಧುವಿನ ಮೆರವಣಿಗೆಯನ್ನು ನಾಗಸಾಕಿಯ ಹಬ್ಬದಲ್ಲಿ ಇಂದಿಗೂ ಅಭಿನಯಿಸುತ್ತಾರೆ.

ಇನ್ನು ಗಾಳಿಯ ವಿಷಯ. ಹಾಯಿಹಡಗಿನ ಕಾಲದಲ್ಲಿ ಊರು ಬೆಳೆಯುವುದು ಗಾಳಿಯ ಲೆಕ್ಕದಲ್ಲಿ. ಈಶಾನ್ಯ ಮಾರುತದ ಬೆನ್ನೇರಿ ವರ್ಷದ ಆರಂಭದಲ್ಲಿ ಬಂದ ಚೀನಾ, ಜಪಾನುಗಳ ಹಡಗುಗಳು ಹಿಂತಿರುಗಲು ನೈರುತ್ಯ ಮಾರುತವನ್ನು ಕಾಯಬೇಕು. ಎಂದರೆ ಆಷಾಢ, ಶ್ರಾವಣದವರೆಗೆ. ಈ ಐದಾರು ತಿಂಗಳು ವ್ಯಾಪಾರಿ ಎಲ್ಲಿರಬೇಕು? ಮೊದಲು ಬಾಡಿಗೆಗೆ ಜಾಗ ಹಿಡಿದ, ಆಮೇಲೆ ಗೋದಾಮು ಕಟ್ಟಿದ, ಕೊನೆಗೆ ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಮನೆ ಹೂಡಿದ. ಅಗರು, ದಾಲ್ಚಿನ್ನಿ, ಮೆಣಸು, ರೇಷ್ಮೆ, ದ್ವೀಪದ ಗುಹೆಗಳಲ್ಲಿ ಹಕ್ಕಿಗಳು ಎಂಜಲಿನಿಂದ ಕಟ್ಟುವ ಗೂಡು – ಇವೆಲ್ಲವನ್ನೂ ಹಳ್ಳಿಗಾಡಿನಿಂದ ಮೊದಲೇ ಕೊಂಡು ತುಂಬಿಡಲು ಅಂಥ ಮನೆಯೊಡತಿಗಿಂತ ನಂಬಿಕೆಯ ಗುಮಾಸ್ತೆ ಸಿಗುವುದು ಕಷ್ಟ. ಹೊಯಿ ಆನ್ ಎಂಬ ಊರು ಗಾಳಿಗಾಗಿ ಕಾದ ಜನರಿಂದಾದದ್ದು ಎಂದರೆ ಅತಿಶಯೋಕ್ತಿಯಲ್ಲ.

1618ರಿಂದ 1622ರವರೆಗೆ ಈ ನಾಡಿನಲ್ಲಿದ್ದ ಇಟಲಿಯ ಜೆಸ್ವಿಟ್ ಪಾದ್ರಿ ಕ್ರಿಸ್ಟೊಫೊರೊ ಬೊರ್ರಿ, ಇದು ಒಂದು ಊರಲ್ಲ, ಎರಡು ಎಂದು ಬರೆದಿದ್ದಾನೆ. ಚೀನೀಯರದ್ದೊಂದು, ಜಪಾನೀಯರದ್ದೊಂದು, ಇಬ್ಬರಿಗೂ ಅವರವರದೇ ಮುಖ್ಯಸ್ಥ, ಅವರವರದೇ ಕಟ್ಟಳೆ. ಯುರೋಪಿನವರ ಬಾಯಲ್ಲಿ ಊರಿನ ಹೆಸರು ಫೈಫೊ ಆಯಿತು, ನಾಡಿನ ಹೆಸರು ಕೊಚಿನ್‌ಚೀನಾ ಆಯಿತು. ಪೋರ್ಚುಗೀಸರು ನಮ್ಮ ಮಲಬಾರಿನ ಕೊಚ್ಚಿಯೊಡನೆ ಗೊಂದಲವಾಗದಿರಲೆಂದು ಅದಕ್ಕೆ ಚೀನಾ ಎಂಬ ಬಾಲ ಹಚ್ಚಿದರೆಂದು ಹೇಳುತ್ತಾರೆ. ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ. ಆದರೆ ಅವರು ಬಿಟ್ಟುಹೋದ ಮುಖ್ಯ ವಸ್ತು ಲಿಪಿ. ಚೀನೀ ಅಕ್ಷರಗಳನ್ನು ಬಳಸುತ್ತಿದ್ದ ವಿಯೆಟ್ನಾಮೀ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪ್ರಯೋಗವನ್ನು ಈ ಸುತ್ತಿನಲ್ಲೇ ಫ್ರಾನ್ಸಿಸ್ಕೊ ದ ಪೀನಾ ಮೊದಲಾದವರು ನಡೆಸಿದರು. ಅದರ ಆಧಾರದ ಮೇಲೆ ಅಲೆಕ್ಸಾಂದ್ರ್ ದ ರೋಡ್ಸ್ ಸಿದ್ಧಪಡಿಸಿದ ನಿಘಂಟು 1651ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಇಂದು ಇಡೀ ವಿಯೆಟ್ನಾಮ್ ಓದುವುದು ಬರೆಯುವುದು ಅದೇ ಲಿಪಿಯಲ್ಲಿ.

ನೋಟಿನ ಮೇಲಿನ ಸೇತುವೆ ಈ ಎರಡು ಊರುಗಳ ಕಾಲದ್ದು. ಹದಿನಾರನೇ ಶತಮಾನದ ಕೊನೆ ಅಥವಾ ಹದಿನೇಳರ ಆರಂಭದಲ್ಲಿ ಜಪಾನೀ ವ್ಯಾಪಾರಿಗಳು ಕಟ್ಟಿಸಿದ್ದು ಎಂಬುದು ಪ್ರತೀತಿ. ಒಂದು ತುದಿಯಲ್ಲಿ ಎರಡು ನಾಯಿಗಳು, ಇನ್ನೊಂದರಲ್ಲಿ ಎರಡು ಕೋತಿಗಳು ಕಾವಲು ಕೂತಿವೆ. ನಡುವೆ ಒಂದು ಬದಿಗೆ ಪುಟ್ಟ ಗುಡಿ. ಅಲ್ಲಿ ಬುದ್ಧನಿಲ್ಲ, ಗಾಳಿ ಮಳೆಗಳನ್ನು ಹತೋಟಿಯಲ್ಲಿಡುವ ಉತ್ತರ ದಿಕ್ಕಿನ ದೇವತೆ ಇದ್ದಾನೆ. ಸೇತುವೆಯ ಹಿಂದೊಂದು ಕಥೆಯಿದೆ. ಭೂಮಿಯ ಅಡಿಯಲ್ಲಿ ಒಂದು ಮಹಾಪ್ರಾಣಿ ಮಲಗಿದೆ. ಅದರ ತಲೆ ಭಾರತದಲ್ಲಿ, ಬೆನ್ನು ವಿಯೆಟ್ನಾಮಿನಲ್ಲಿ, ಬಾಲ ಜಪಾನಿನಲ್ಲಿ. ಅದು ಹೊರಳಿದಾಗ ಜಪಾನಿನಲ್ಲಿ ಭೂಕಂಪವಾಗುತ್ತದೆ. ಅದರ ಬೆನ್ನಿಗೆ ಕತ್ತಿ ಚುಚ್ಚಿದಂತೆ, ಅಲುಗದಿರಲೆಂದು, ಈ ಸೇತುವೆಯನ್ನು ಕಟ್ಟಿದರಂತೆ. ಕಥೆ ಕಟ್ಟಿದವರಿಗೆ ಭೂಗೋಳ ಗೊತ್ತಿತ್ತೋ ಇಲ್ಲವೋ, ಹಡಗಿನ ದಾರಿಯಂತೂ ಚೆನ್ನಾಗಿ ಗೊತ್ತಿತ್ತು.

1635ರಲ್ಲಿ ಜಪಾನ್ ಬಾಗಿಲು ಹಾಕಿಕೊಂಡಿತು. ಹೊರಗೆ ಹೋದ ಜಪಾನೀಯ ಮರಳಿ ಬಂದರೆ ಮರಣದಂಡನೆ. ಇಲ್ಲಿ ನೆಲೆಸಿದ್ದವರು ಇಲ್ಲೇ ಉಳಿದು, ಒಂದೆರಡು ತಲೆಮಾರಿನಲ್ಲಿ ಜನರೊಳಗೆ ಕರಗಿಹೋದರು. ಊರ ಹೊರಗಿನ ಭತ್ತದ ಗದ್ದೆಯ ನಡುವೆ ತಾನಿ ಯಾಜಿರೊಬೇ ಎಂಬ ವ್ಯಾಪಾರಿಯ ಸಮಾಧಿಯಿದೆ. ಇಸವಿ 1647, ಮುಖ ಜಪಾನಿನ ದಿಕ್ಕಿಗೆ. 1695ರಲ್ಲಿ ಬಂದ ಆಂಗ್ಲ ವ್ಯಾಪಾರಿ ಥಾಮಸ್ ಬೋಯರ್, ನದಿಯ ದಂಡೆಯ ಒಂದೇ ಬೀದಿಯಲ್ಲಿ ಸುಮಾರು ನೂರು ಮನೆಗಳಿವೆ, ನಾಲ್ಕೈದು ಜಪಾನೀ ಕುಟುಂಬಗಳನ್ನು ಬಿಟ್ಟರೆ ಉಳಿದವರೆಲ್ಲ ಚೀನೀಯರು ಎಂದು ದಾಖಲಿಸಿದ. 1719ರಲ್ಲಿ ನ್ಗುಯೆನ್ ಫುಕ್ ಚು ದೊರೆ ಸೇತುವೆಗೆ ಹೆಸರಿಟ್ಟಾಗ ಅದನ್ನು ಕಟ್ಟಿದವರ ವಂಶ ಇಲ್ಲಿ ಉಳಿದಿತ್ತೆನ್ನುವುದೇ ಕಷ್ಟ. ಇಟ್ಟ ಹೆಸರು ಲೈ ವಿಯೆನ್ ಕಿಯೆವು – ದೂರದಿಂದ ಬಂದವರ ಸೇತುವೆ.

ಜಪಾನೀಯರು ತೆರವು ಮಾಡಿದ ಜಾಗವನ್ನು ತುಂಬಿದವರು ಚೀನಾದಲ್ಲಿ ಮಿಂಗ್ ವಂಶ ಬಿದ್ದ ಮೇಲೆ ತಪ್ಪಿಸಿಕೊಂಡು ಬಂದ ನಿಷ್ಠಾವಂತರು. ಮಿಂಗ್ ಅರಸರ ಹೆಸರಿನಲ್ಲಿ ಧೂಪ ಹಾಕುವವರು ಎಂಬ ಅರ್ಥದಲ್ಲಿ ಅವರ ಕೇರಿಗೆ ಮಿನ್ ಹುವೊಂಗ್ ಎಂದು ಹೆಸರಾಯಿತು. ಹಿಂದೆ ಹಿಂದೆಯೇ ಫೂಜಿಯನ್, ಗ್ವಾಂಗ್‌ಡಾಂಗ್, ಹೈನಾನ್, ಚಾವೊಝೌಗಳ ವ್ಯಾಪಾರಿಗಳು ತಮ್ಮ ತಮ್ಮ ಸಭಾಭವನ ಕಟ್ಟಿಕೊಂಡರು. ಗುಡಿಯೂ ಹೌದು, ಛತ್ರವೂ ಹೌದು, ಪಂಚಾಯಿತಿ ಕಟ್ಟೆಯೂ ಹೌದು. ಫೂಜಿಯನ್ ಜನರ ಭವನದಲ್ಲಿ ನಾವಿಕರನ್ನು ಕಾಯುವ ಸಮುದ್ರದೇವಿ ಥಿಯೆನ್ ಹೌ ಇದ್ದಾಳೆ. ಹೈನಾನಿನವರ ಭವನ ಸ್ವಲ್ಪ ಬೇರೆ. ಕಡಲ್ಗಳ್ಳರೆಂದು ತಪ್ಪು ತಿಳಿದು ವಿಯೆಟ್ನಾಮಿನ ಅಧಿಕಾರಿಗಳು ಕೊಂದ 108 ವ್ಯಾಪಾರಿಗಳ ನೆನಪಿಗೆ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ್ದು ಅದು. ಒಂದು ಸರಕಾರಿ ಅಪರಾಧದ ಸ್ಮಾರಕ ಪೇಟೆಯ ಬೀದಿಯಲ್ಲೇ, ದೇವಸ್ಥಾನದ ರೂಪದಲ್ಲಿ ನಿಂತಿದೆ.

ಹೊಯಿ ಆನ್‌ನ ಬೀದಿಗಳಲ್ಲಿ ಅಡ್ಡಾಡುವವರು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಅವರು ನೋಡುತ್ತಿರುವುದು ಬೊರ್ರಿ ಕಂಡ ಊರನ್ನಲ್ಲ. 1770ರ ದಶಕದ ತೈ ಸೋನ್ ದಂಗೆಯಲ್ಲಿ, ಸೇನೆಗಳ ಹೋರಾಟಕ್ಕೆ ಸಿಕ್ಕಿ ಊರು ಧ್ವಂಸವಾಯಿತು. 1778ರಲ್ಲಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಚಾರ್ಲ್ಸ್ ಚಾಪ್‌ಮನ್ ಕಂಡದ್ದು ಕಲ್ಲುಹಾಸಿನ ಬೀದಿಗಳ, ಇಟ್ಟಿಗೆ ಮನೆಗಳ ಅವಶೇಷವನ್ನು. ಈಗಿರುವ ಮನೆಗಳಲ್ಲಿ ಬಹುಪಾಲು ಆಮೇಲೆ ಎದ್ದವು, ಹಲವು ಹತ್ತೊಂಬತ್ತನೇ ಶತಮಾನದವು. ವ್ಯಾಪಾರ ಮತ್ತೆ ಚಿಗುರಿತು. ಆದರೆ ಹಿಂದಿನ ವೈಭವಕ್ಕೆ ಏರಲಿಲ್ಲ. ಅದಕ್ಕೆ ಕಾರಣ ಯುದ್ಧವಲ್ಲ, ನದಿ.

ಥು ಬೋನ್ ಬೆಟ್ಟಗಳಿಂದ ಮಣ್ಣು ಮರಳು ಹೊತ್ತು ತರುವ ನದಿ. ಅಳಿವೆಯಲ್ಲಿ ಹೂಳು ತುಂಬುತ್ತ ಬಂತು. ಹೊಯಿ ಆನ್‌ನಿಂದ ದಾ ನಾಂಗ್ ಕೊಲ್ಲಿಗೆ ಒಳನಾಡಿನಲ್ಲೇ ದೋಣಿ ಹೋಗುತ್ತಿದ್ದ ಕೊ ಕೊ ಎಂಬ ಹೊಳೆಯೂ ಕಟ್ಟಿಕೊಂಡಿತು. ಅದೇ ಹೊತ್ತಿಗೆ ಹಡಗುಗಳು ದೊಡ್ಡವಾದವು, ಆಳವಾದ ನೀರು ಕೇಳತೊಡಗಿದವು. ಪಾಶ್ಚಾತ್ಯರ ಹಡಗುಗಳು ದಾ ನಾಂಗ್‌ನಲ್ಲಿ ಮಾತ್ರ ನಿಲ್ಲಬೇಕೆಂದು ಮಿನ್ ಮಾಂಗ್ ಚಕ್ರವರ್ತಿ 1835ರಲ್ಲಿ ಆಜ್ಞೆ ಹೊರಡಿಸಿದ. ಫ್ರೆಂಚರು ಬಂದ ಮೇಲೆ ಬಂಡವಾಳವೆಲ್ಲ ಆ ಬಂದರಿಗೇ ಹರಿಯಿತು. ಹೊಯಿ ಆನ್‌ನ ಶ್ರೀಮಂತರು ಅಲ್ಲಿಗೆ, ಇಲ್ಲವೇ ಸೈಗಾನಿಗೆ ಹೋದರು. ಉಳಿದವರಿಗೆ ಮನೆ ಕೆಡವಿ ಹೊಸದಾಗಿ ಕಟ್ಟುವಷ್ಟು ಹಣವಿರಲಿಲ್ಲ. ಹೆಂಚು ಸರಿಸಿ, ತೊಲೆ ಬದಲಿಸಿ, ಇದ್ದುದರಲ್ಲೇ ಬಾಳಿದರು. ಬಡತನ ಒಂದು ಊರಿಗೆ ಮಾಡಬಹುದಾದ ಏಕೈಕ ಉಪಕಾರ ಇದಿರಬೇಕು.

ಇಪ್ಪತ್ತನೇ ಶತಮಾನದ ಯುದ್ಧ ದಾ ನಾಂಗ್ ಅನ್ನು ಅಮೆರಿಕದ ವಾಯುನೆಲೆಯನ್ನಾಗಿ ಮಾಡಿತು. ಮಿ ಸೋನ್‌ನ ಅತಿ ದೊಡ್ಡ ಗೋಪುರ 1969ರಲ್ಲಿ ಬಾಂಬಿಗೆ ಉರುಳಿತು. ನಡುವೆ ಇದ್ದ ಹೊಯಿ ಆನ್ ಮಾತ್ರ ಬಹುಮಟ್ಟಿಗೆ ಉಳಿದುಕೊಂಡಿತು. ಯಾರಿಗೂ ಬೇಡವಾಗಿದ್ದುದೇ ಅದಕ್ಕೆ ರಕ್ಷೆಯಾಯಿತೇನೋ. 1980ರ ದಶಕದಲ್ಲಿ ಮಿ ಸೋನ್‌ನ ಕೆಲಸಕ್ಕೆಂದು ಬಂದ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ, ಈ ಹಳೆಯ ಮನೆಗಳನ್ನು ಕೆಡವದಂತೆ ಅಧಿಕಾರಿಗಳಿಗೆ ಬೆನ್ನುಬಿದ್ದು ಹೇಳಿದರು. 1985ರಲ್ಲಿ ಸರಕಾರ ಊರನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ವಿಶ್ವ ಪರಂಪರೆಯ ಮನ್ನಣೆ ಬರುವ ಎರಡು ವರ್ಷ ಮೊದಲು, 1997ರಲ್ಲಿ, ಕ್ವಿಯಾಟ್ಕೋವ್ಸ್ಕಿ ತೀರಿಕೊಂಡರು. ಊರಿನವರು ಕಾಜಿಕ್ ಎಂದು ಕರೆಯುತ್ತಿದ್ದ ಅವರ ಪ್ರತಿಮೆ ಹಳೆಯ ಪೇಟೆಯಲ್ಲೇ ಇದೆ.

ಆಮೇಲಿನದು ಸುಲಭವಾಗಿ ಊಹಿಸಬಹುದಾದ ಕಥೆ. 2019ರಲ್ಲಿ ಇಲ್ಲಿಗೆ ಬಂದ ಪ್ರವಾಸಿಗರು 50 ಲಕ್ಷಕ್ಕೂ ಹೆಚ್ಚು. ಬಟ್ಟೆಯ ಗೂಡುದೀಪಗಳು ಬೀದಿಬೀದಿಯಲ್ಲಿ ತೂಗುತ್ತವೆ. 1998ರಿಂದ ಪ್ರತಿ ಚಾಂದ್ರಮಾಸದ ಹದಿನಾಲ್ಕನೆಯ ರಾತ್ರಿ ವಿದ್ಯುದ್ದೀಪ ಆರಿಸಿ ಅವನ್ನಷ್ಟೇ ಹಚ್ಚುವ ಪದ್ಧತಿಯಿದೆ. ನೋಡಲು ಚೆಂದವೇ, ಸಂದೇಹವಿಲ್ಲ. ಆದರೆ ಹಗಲಿನಲ್ಲಿ ಮಳಿಗೆಗಳನ್ನು ಎಣಿಸಿದರೆ ಒಂದೋ ದರ್ಜಿಯಂಗಡಿ, ಇಲ್ಲವೇ ಕಾಫಿ ಅಂಗಡಿ, ಇಲ್ಲವೇ ನೆನಪಿನ ಕಾಣಿಕೆಗಳ ಅಂಗಡಿ. ತಲೆಮಾರುಗಳಿಂದ ಇದ್ದ ಹಲವು ಕುಟುಂಬಗಳು ಮನೆಯನ್ನು ಬಾಡಿಗೆಗೆ ಕೊಟ್ಟು ಅಥವಾ ಮಾರಿ ಹೊರವಲಯಕ್ಕೆ ಹೋಗಿವೆ. ಪೂರ್ವಿಕರ ಪೀಠವಿದ್ದ ಕೋಣೆಯಲ್ಲಿ ನಗದು ಪೆಟ್ಟಿಗೆ ಕೂತಿದೆ. 2023ರಲ್ಲಿ, ಹಳೆಯ ಪೇಟೆಗೆ ಕಾಲಿಡುವ ಪ್ರವಾಸಿಗರೆಲ್ಲರೂ ಟಿಕೆಟು ಕೊಳ್ಳಬೇಕು ಎಂಬ ಸೂಚನೆ ಹೊರಟಾಗ ದೇಶದಲ್ಲೇ ಆಕ್ಷೇಪ ಎದ್ದು ಅದನ್ನು ಸಡಿಲಿಸಬೇಕಾಯಿತು. ಟಿಕೆಟಿನ ಹಣದಿಂದಲೇ ಮನೆಗಳ ದುರಸ್ತಿ ನಡೆಯುತ್ತದೆ ಎಂಬುದು ಅಧಿಕಾರಿಗಳ ವಾದ. ಸುಳ್ಳಲ್ಲ. ಆದರೆ ಜನ ಬಾಳುವ ಬೀದಿಗೆ ಬಾಗಿಲಲ್ಲಿ ಹಣ ಕೊಟ್ಟು ಬರಬೇಕಾದರೆ ಅದು ಇನ್ನೂ ಬೀದಿಯೋ, ವಸ್ತುಸಂಗ್ರಹಾಲಯವೋ?

ಸೇತುವೆಯ ಪಾಡೂ ಇದೇ. ಫ್ರೆಂಚರು ಮೋಟಾರು ಹೋಗಲೆಂದು ಅದರ ಬಾಗಿದ ಬೆನ್ನನ್ನು ಸಪಾಟು ಮಾಡಿದ್ದರು. 1986ರಲ್ಲಿ ಮತ್ತೆ ಬಾಗಿಸಲಾಯಿತು. 2022ರ ಡಿಸೆಂಬರಿನಲ್ಲಿ ಬಿಚ್ಚಿ, ಬಳಸಬಹುದಾದ ಹಳೆಯ ಮರವನ್ನು ಬಳಸಿ ಮತ್ತೆ ಕೂಡಿಸಿ, 2024ರ ಆಗಸ್ಟಿನಲ್ಲಿ ತೆರೆದರು. ತೆರೆದ ಕೂಡಲೇ ಗಲಾಟೆ: ಬಣ್ಣ ಹೊಳೆಯುತ್ತಿದೆ, ಇದು ನಮ್ಮ ಹಳೆಯ ಸೇತುವೆಯಲ್ಲ ಎಂದು. ನಾನೂರು ವರ್ಷದಲ್ಲಿ ಅದು ಎಷ್ಟು ಸಲ ಹೊಸದಾಗಿದೆ ಎಂದು ಲೆಕ್ಕವಿಟ್ಟವರಿಗೆ ಈ ಗಲಾಟೆ ತುಸು ತಮಾಷೆಯಾಗಿ ಕಾಣಬಹುದು. ಆದರೂ ಜನ ತಕರಾರು ಎತ್ತಿದ್ದು ಒಳ್ಳೆಯದೇ. ಅದು ನೋಟಿನ ಮೇಲಿನ ಚಿತ್ರವಷ್ಟೇ ಆಗಿದ್ದರೆ ಯಾರೂ ಎತ್ತುತ್ತಿರಲಿಲ್ಲ.

2025ರ ಜುಲೈಯಲ್ಲಿ ಇನ್ನೊಂದು ಬದಲಾವಣೆಯಾಯಿತು. ಪ್ರಾಂತ್ಯಗಳ ಪುನರ್ವಿಂಗಡಣೆಯಲ್ಲಿ ಕ್ವಾಂಗ್ ನಾಮ್ ಪ್ರಾಂತ್ಯ ದಾ ನಾಂಗ್ ನಗರದೊಡನೆ ವಿಲೀನವಾಯಿತು. ತನ್ನ ವ್ಯಾಪಾರವನ್ನೆಲ್ಲ ಕಸಿದುಕೊಂಡ ಬಂದರಿನ ಆಡಳಿತಕ್ಕೆ ಹೊಯಿ ಆನ್ ಈಗ ಸೇರಿದೆ. ನಗರವೆಂಬ ಸ್ಥಾನ ಹೋಗಿ, ಕೆಲವು ವಾರ್ಡುಗಳಾಗಿ ಹಂಚಿಹೋಗಿದೆ.

ನದಿ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ, ಆದರೆ ರೀತಿ ಬದಲಾಗಿದೆ. ಅಂದು ಹೂಳು ಹೆಚ್ಚಾಗಿ ಬಂದರು ಮುಚ್ಚಿತು. ಇಂದು ಹೂಳು ಸಾಲದಾಗಿದೆ. ಮೇಲ್ಭಾಗದ ಜಲವಿದ್ಯುತ್ ಅಣೆಕಟ್ಟುಗಳೂ ಮರಳುಗಾರಿಕೆಯೂ ಸೇರಿ ನದಿಯ ಮರಳನ್ನು ಮಧ್ಯದಲ್ಲೇ ತಡೆಯುತ್ತಿವೆ. ಅಳಿವೆಯ ಬಳಿಯ ಕುವಾ ದಾಯ್ ಕಡಲತೀರವನ್ನು, 2014ರ ಬಳಿಕ ಎದ್ದುಕಾಣುವಂತೆ, ಸಮುದ್ರ ತಿನ್ನುತ್ತಿದೆ. ಮಳೆಗಾಲದ ನೆರೆ ಊರಿಗೆ ಹೊಸತಲ್ಲ. ನದಿಯ ದಂಡೆಯ ತಾನ್ ಕಿ ಎಂಬ ಹಳೆಯ ಮನೆಯ ಗೋಡೆಯಲ್ಲಿ ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತೆಂದು ಗುರುತು ಹಾಕಿದ್ದಾರೆ. ದಶಕಗಳ ಕಾಲ ಎಲ್ಲಕ್ಕಿಂತ ಮೇಲೆ ಇದ್ದುದು 1964ರ ನೆರೆ. ಅಟ್ಟದಲ್ಲಿ ರಾಟೆ ಕಟ್ಟಿ, ನೆಲದ ಸಾಮಾನನ್ನು ತೊಲೆಗಳ ನಡುವಿನ ಕಿಂಡಿಯಿಂದ ಮೇಲೆತ್ತುವ ವ್ಯವಸ್ಥೆ ಇಂಥ ಮನೆಗಳಲ್ಲಿ ಮೊದಲಿನಿಂದ ಇದೆ. 2025ರ ಅಕ್ಟೋಬರ್ ಕೊನೆಯಲ್ಲಿ ಥು ಬೋನ್ 1964ರ ಮಟ್ಟವನ್ನೂ ಮೀರಿ ಹರಿಯಿತು. ಹಳೆಯ ಪೇಟೆಯ ಬೀದಿಗಳಲ್ಲಿ ದೋಣಿಗಳು ಓಡಾಡಿದವು.

ಇಂಥ ಹೊತ್ತಿನಲ್ಲಿ ಇಲ್ಲಿಯವರು ನೀರು ಪೂರ್ತಿ ಇಳಿಯುವವರೆಗೆ ಕಾಯುವುದಿಲ್ಲ. ಕೆಸರು ಮರದ ಮೇಲೆ ಒಣಗಿ ಕೂತರೆ ತೆಗೆಯುವುದು ಕಷ್ಟ. ಮೊಣಕಾಲುದ್ದ ನೀರಿರುವಾಗಲೇ ಪೊರಕೆ ಹಿಡಿದು, ಇಳಿಯುತ್ತಿರುವ ನದಿಯ ನೀರನ್ನೇ ಎರಚಿ ಕಂಬ, ಹಲಗೆಗಳನ್ನು ತಿಕ್ಕಿ ತೊಳೆಯುತ್ತ ಬರುತ್ತಾರೆ. ನೀರು ಬಾಗಿಲು ದಾಟಿ ಬೀದಿಗೆ, ಬೀದಿಯಿಂದ ನದಿಗೆ ಸರಿಯುವಾಗ ಕೆಸರೂ ಅದರ ಜೊತೆಗೆ ಹೋಗುತ್ತದೆ.